ಖಾರದಲ್ಲಿ ಅದ್ದಿದ ರೊಟ್ಟಿ

ಎಂಚಿಲಾಡ ಎನ್ನುವ ಸ್ಪ್ಯಾನಿಷ್ ಮಾತಿಗೆ ‘ಖಾರ ಹಚ್ಚಿದ್ದು’ ಎಂದಷ್ಟೇ ಅರ್ಥ. ಚೀಲೆ ಎಂದರೆ ಮೆಣಸಿನಕಾಯಿ, ಎಂಚಿಲಾರ್ ಎಂದರೆ ಅದನ್ನು ಹಚ್ಚುವುದು. ಒಳಗೆ ಏನು ತುಂಬಬೇಕು, ಮೇಲೆ ಎಷ್ಟು ಚೀಸ್ ಉದುರಿಸಬೇಕು, ಓವನ್ನಿನಲ್ಲಿ ಎಷ್ಟು ಹೊತ್ತು ಇಡಬೇಕು ಎಂಬ ಸೂಚನೆ ಯಾವುದೂ ಈ ಹೆಸರಿನಲ್ಲಿಲ್ಲ. ಟೋರ್ಟಿಯಾ, ಅಂದರೆ ಮೆಕ್ಕೆಜೋಳದ ತೆಳು ರೊಟ್ಟಿ, ಮೆಣಸಿನಕಾಯಿ ರಸದಲ್ಲಿ ಮುಳುಗಿ ಎದ್ದಿರಬೇಕು. ಉಳಿದದ್ದು ಮನೆಯವರ ಇಷ್ಟ, ಅಂದು ಮನೆಯಲ್ಲಿ ಏನಿದೆ ಎನ್ನುವುದರ ಮೇಲೆ. ಹೋಟೆಲಿನ ಉದ್ದ ತಟ್ಟೆಯಲ್ಲಿ ಹಳದಿ ಚೀಸಿನಡಿ ಹೂತುಹೋದ ಎಂಚಿಲಾಡವನ್ನೇ ಮೊದಲು ಕಂಡವರಿಗೆ ಇದು ಸ್ವಲ್ಪ ವಿಚಿತ್ರವಾಗಿ ಕೇಳೀತು. ಮನೆಯಲ್ಲಿ ಮಾಡಿದ್ದನ್ನು ತಿಂದವರಿಗೆ ಕೇಳದು.

ರೊಟ್ಟಿಯನ್ನು ಖಾರದಲ್ಲಿ ಅದ್ದಿ ತಿನ್ನುವ ರೂಢಿ ಸ್ಪೇನಿನವರು ಮೆಕ್ಸಿಕೊಕ್ಕೆ ಬರುವ ಮೊದಲೇ ಅಲ್ಲಿತ್ತು. ಯುಕಾಟಾನ್ ಪ್ರದೇಶದ ಪಾಪಡ್ಸುಲೆಸ್ ಆ ಹಳೆಯ ಬಗೆಗೆ ಹತ್ತಿರದ್ದು: ಅಲ್ಲಿ ಟೋರ್ಟಿಯಾವನ್ನು ಅದ್ದುವುದು ಕುಂಬಳಬೀಜ ಅರೆದ ಹಸಿರು ರಸದಲ್ಲಿ, ಒಳಗೆ ತುಂಬುವುದು ಬೇಯಿಸಿದ ಮೊಟ್ಟೆ. ದನ, ಕೋಳಿ, ಹಂದಿ, ಹಾಲು, ಚೀಸು ಎಲ್ಲವೂ ಸ್ಪೇನಿನವರ ಹಡಗುಗಳಲ್ಲಿ ಬಂದಂಥವು. ಇಂದಿನ ಎಂಚಿಲಾಡದ ಹೊಟ್ಟೆಯೊಳಗಿನ ಸಾಮಾನಿನಲ್ಲಿ ಮುಕ್ಕಾಲು ಪಾಲು ಹೊರಗಿನದು, ಹೊದಿಕೆ ಮತ್ತು ಖಾರ ಮಾತ್ರ ಆ ನೆಲದ್ದು. ಮೆಕ್ಸಿಕೊದಲ್ಲಿ ಅಚ್ಚಾದ ಮೊದಲ ಪಾಕಪುಸ್ತಕಗಳಲ್ಲೊಂದಾದ 1831ರ ‘ಎಲ್ ಕೊಸಿನೇರೊ ಮೆಹಿಕಾನೊ’ದಲ್ಲೇ ಎಂಚಿಲಾಡ ಸೇರಿಕೊಂಡಿದೆ.

ಮೆಕ್ಕೆಜೋಳ ರೊಟ್ಟಿಯಾಗುವ ದಾರಿ ನೇರವಲ್ಲ. ಒಣಗಿದ ಕಾಳನ್ನು ಹಾಗೆಯೇ ಹಿಟ್ಟು ಮಾಡಿ ನೀರು ಹಾಕಿ ಕಲಸಿದರೆ ಅದು ಮುದ್ದೆಗೂಡುವುದಿಲ್ಲ, ತಟ್ಟಿದರೆ ಅಂಚು ಒಡೆಯುತ್ತದೆ. ಮೆಕ್ಸಿಕೊದವರು ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ ರಾತ್ರಿಯಿಡೀ ನೆನೆಯಲು ಬಿಡುತ್ತಾರೆ. ವೀಳ್ಯದೆಲೆಗೆ ಹಚ್ಚುವ ಸುಣ್ಣವೇ, ಬೇರೇನಲ್ಲ. ಬೆಳಿಗ್ಗೆ ಕಾಳಿನ ಮೇಲಿನ ಗಟ್ಟಿ ಸಿಪ್ಪೆ ಬೆರಳ ಸಂದಿಯಲ್ಲಿ ಲೋಳೆಯಂತೆ ಜಾರುತ್ತದೆ. ತೊಳೆದು, ಮೂರು ಕಾಲಿನ ಇಳಿಜಾರು ಕಲ್ಲಾದ ಮೆಟಾಟೆಯ ಮೇಲೆ ಅರೆದರೆ ಜಿಗುಟಾದ ಹಿಟ್ಟು ಸಿಗುತ್ತದೆ. ಅದಕ್ಕೆ ಮಾಸಾ ಎಂದು ಹೆಸರು. ಸುಣ್ಣ ರೊಟ್ಟಿಗೆ ಅಂಟು ಕೊಟ್ಟು ಸುಮ್ಮನಾಗುವುದಿಲ್ಲ. ಮೆಕ್ಕೆಜೋಳದಲ್ಲಿ ಸಿಕ್ಕಿಕೊಂಡಿರುವ ನಯಾಸಿನ್ ಎಂಬ ಜೀವಸತ್ವವನ್ನು ಬಿಡಿಸಿಕೊಡುವುದೂ ಅದೇ. ಮೆಕ್ಕೆಜೋಳವನ್ನು ಒಯ್ದ ಯೂರೋಪಿನವರು ಸುಣ್ಣವನ್ನು ಒಯ್ಯಲಿಲ್ಲ. ಅದನ್ನೇ ನೆಚ್ಚಿಕೊಂಡ ಉತ್ತರ ಇಟಲಿಯ ಬಡವರಲ್ಲಿಯೂ ಮುಂದೆ ಅಮೆರಿಕದ ದಕ್ಷಿಣ ಭಾಗದ ಬಡವರಲ್ಲಿಯೂ ಚರ್ಮ ಸುಲಿಯುವ, ಬುದ್ಧಿ ಭ್ರಮೆಯಾಗುವ ಪೆಲಾಗ್ರ ರೋಗ ಹಬ್ಬಿತು. ಜೋಳದ ರೊಟ್ಟಿಯನ್ನೇ ಉಂಡು ಬದುಕುವ ದಖ್ಖನಿನ ಬಡ ಕುಟುಂಬಗಳಲ್ಲೂ ಇದೇ ರೋಗವಿದ್ದದ್ದನ್ನು ಪೋಷಣಾ ವಿಜ್ಞಾನಿ ಸಿ. ಗೋಪಾಲನ್ 1960ರ ಹೊತ್ತಿಗೆ ತೋರಿಸಿದ್ದರು. ರೊಟ್ಟಿ ಹೊಟ್ಟೆ ತುಂಬಿಸುತ್ತದೆ. ಜೊತೆಗೆ ಬೇಳೆಯೋ ಕಾಳೋ ಇರದಿದ್ದರೆ ಮೈಗೆ ಹತ್ತುವುದಿಲ್ಲ ಎನ್ನುವುದು ಮೆಕ್ಸಿಕೊ, ದಖ್ಖನ್ ಎರಡೂ ಕಡೆಯ ಅಜ್ಜಿಯಂದಿರಿಗೆ ಪುಸ್ತಕವಿಲ್ಲದೆಯೂ ಗೊತ್ತಿತ್ತು.

ಈಗ ಹೆಚ್ಚಿನ ಮನೆಗಳಲ್ಲಿ ಕಾಳು ನೆನೆಹಾಕುವವರಿಲ್ಲ. 1949ರಲ್ಲಿ ನ್ಯೂಯೆವೊ ಲಿಯೋನ್ ರಾಜ್ಯದ ಸೆರ್ರಾಲ್ವೊ ಎಂಬ ಊರಿನಲ್ಲಿ ಶುರುವಾದ ಗಿರಣಿ ಸುಣ್ಣದಲ್ಲಿ ಬೇಯಿಸಿ ಒಣಗಿಸಿದ ಹಿಟ್ಟನ್ನು ‘ಮಾಸೆಕಾ’ ಎಂಬ ಹೆಸರಿನಲ್ಲಿ ಮಾರತೊಡಗಿತು. ಬೆಚ್ಚನೆಯ ನೀರು ಹಾಕಿ ಕಲಸಿ, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿ, ಕಾದ ಹಂಚಿನ ಮೇಲೆ ಹಾಕಿದರೆ ಟೋರ್ಟಿಯಾ. ಮೂರನೆಯ ಸಲ ಮಗುಚಿದಾಗ ಅದು ಉಬ್ಬಬೇಕು. ಉಬ್ಬದಿದ್ದರೆ ಹಿಟ್ಟಿಗೆ ನೀರು ಸಾಲದು, ಇಲ್ಲವೇ ಹಂಚು ಕಾದಿಲ್ಲ. ಫುಲ್ಕಾ ಮಾಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೆಣಸಿನಕಾಯಿಯ ವಿಷಯಕ್ಕೆ ಬಂದರೆ, ಕನ್ನಡದ ಹೆಸರೇ ಅದರ ಚರಿತ್ರೆಯನ್ನು ಹೇಳಿಬಿಡುತ್ತದೆ. ಮೆಣಸು ಎಂದರೆ ಕರಿಮೆಣಸು. ಆಮೇಲೆ ಬಂದ ಖಾರದ ಕಾಯಿಗೆ ಮೆಣಸಿನ ಹೆಸರನ್ನೇ ಅಂಟಿಸಿ ‘ಮೆಣಸಿನಕಾಯಿ’ ಎಂದರು. ಕರಿಮೆಣಸು ಹುಡುಕುತ್ತ ಹೊರಟು 1492ರಲ್ಲಿ ಬೇರೆ ದಡ ಸೇರಿದ ಕೊಲಂಬಸನ ಕಡೆಯವರೂ ಮಾಡಿದ್ದು ಅದನ್ನೇ: ಮೆಣಸು ‘ಪಿಮಿಯೆಂತಾ’, ಹೊಸ ಕಾಯಿ ‘ಪಿಮಿಯೆಂತೊ’. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಅದು ಗೋವೆಯ ದಡಕ್ಕೆ ಬಂತು, ಘಟ್ಟ ಹತ್ತಿ ಬಯಲುಸೀಮೆಯಲ್ಲಿ ಬೇರೂರಿತು. ಹಾಗಾಗಿ ಹಾವೇರಿ ಜಿಲ್ಲೆಯ ಬ್ಯಾಡಗಿಯ ಅಂಗಳದಲ್ಲಿ ರಾಶಿ ಬಿದ್ದ ಮೆಣಸಿನಕಾಯಿಯೂ ಮೆಕ್ಸಿಕೊದ ಸಂತೆಯ ಗೋಣಿಯಲ್ಲಿರುವ ಗ್ವಾಹಿಯೊ ಎಂಬ ಒಣಕಾಯಿಯೂ ದೂರದ ದಾಯಾದಿಗಳು.

ಎಂಚಿಲಾಡದ ಕೆಂಪು ರಸಕ್ಕೆ ಮನೆಗಳಲ್ಲಿ ಹೆಚ್ಚಾಗಿ ಬಳಸುವುದು ಎರಡು ಬಗೆಯ ಒಣಕಾಯಿ. ಒಂದು ಆಂಚೊ. ಇದು ಪೊಬ್ಲಾನೊ ಎಂಬ ದಪ್ಪ ಕಾಯಿಯನ್ನು ಹಣ್ಣು ಮಾಡಿ ಒಣಗಿಸಿದ್ದು. ಕಪ್ಪುಗೆಂಪು, ಸುಕ್ಕುಸುಕ್ಕು, ಮೂಸಿದರೆ ಒಣದ್ರಾಕ್ಷಿಯ ವಾಸನೆ. ಇನ್ನೊಂದು ಗ್ವಾಹಿಯೊ, ಉದ್ದನೆಯದು, ನಯವಾದ ಹೊಳೆಯುವ ಸಿಪ್ಪೆಯದು. ಎರಡರಲ್ಲೂ ಖಾರ ಕಡಿಮೆ, ಬಣ್ಣ ಮತ್ತು ತಿರುಳು ಜಾಸ್ತಿ. ಗುಂಟೂರು ಕಾಯಿಯಿಂದ ಎಂಚಿಲಾಡ ಮಾಡಲು ಹೊರಟವರು ಸೋಲುವುದು ಇಲ್ಲಿಯೇ: ರಸ ದಪ್ಪವಾಗಬೇಕಾದರೆ ಎಂಟು ಹತ್ತು ಕಾಯಿ ಬೇಕು, ಗುಂಟೂರಿನವು ಅಷ್ಟು ಬಿದ್ದರೆ ಬಾಯಿಗಿಡಲಾಗದು. ಭಾರತದ ಕಾಯಿಗಳಲ್ಲಿ ಈ ಕೆಲಸಕ್ಕೆ ಹೇಳಿಮಾಡಿಸಿದಂಥದ್ದು ಬ್ಯಾಡಗಿ, ಅದರಲ್ಲೂ ಗಿಡ್ಡಗೆ ದುಂಡಗಿರುವ ಡಬ್ಬಿ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಕಾಯಿಯ ಹೆಚ್ಚುಗಾರಿಕೆಯೂ ಬಣ್ಣವೇ, ಖಾರವಲ್ಲ.

ಹ್ಯೂಸ್ಟನ್ನಿನ ಒಂದು ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಈ ದಾಯಾದಿಗಳು ಎದುರುಬದುರಾದದ್ದು 1998ರ ಚಳಿಗಾಲದಲ್ಲಿ. ಕಂಪ್ಯೂಟರುಗಳ ಇಸವಿ ಸರಿಪಡಿಸುವ ಕೆಲಸಕ್ಕೆ ಭಾರತದಿಂದ ಜನ ಹೋಗುತ್ತಿದ್ದ ಕಾಲ. ಹಾಗೆ ಹೋದ ಧಾರವಾಡದ ಕಡೆಯ ಕುಟುಂಬವೊಂದರ ಪಕ್ಕದ ಬಾಗಿಲಿನಲ್ಲಿ ಮೆಕ್ಸಿಕೊದ ಗ್ವಾನಾಹ್ವಾಟೊ ಕಡೆಯಿಂದ ಬಂದ ಅರವತ್ತು ದಾಟಿದ ಹೆಂಗಸೊಬ್ಬರಿದ್ದರು. ಅವರ ಮೊಮ್ಮಕ್ಕಳನ್ನು ನೋಡಿ ಧಾರವಾಡದ ಮಕ್ಕಳೂ ಅವರನ್ನು ‘ಅಬುವೇಲಾ’ ಎಂದೇ ಕರೆಯುತ್ತಿದ್ದವು. ಸ್ಪ್ಯಾನಿಷಿನಲ್ಲಿ ಅಜ್ಜಿ ಎಂದರ್ಥ. ಆರು ತಿಂಗಳ ವೀಸಾದ ಮೇಲೆ ಬಂದಿದ್ದ ಮನೆಯ ಅತ್ತೆಯವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು, ಅಬುವೇಲಾಗೆ ಸ್ಪ್ಯಾನಿಷ್ ಬಿಟ್ಟು ಇಂಗ್ಲಿಷ್ ಅಷ್ಟಕ್ಕಷ್ಟೆ. ಒಂದು ಮಧ್ಯಾಹ್ನ ಆಕೆ ಒಳಗೆ ಬಂದಾಗ ಅತ್ತೆಯವರು ಚಟ್ನಿಗೆಂದು ಊರಿನಿಂದ ತಂದ ಬ್ಯಾಡಗಿ ಕಾಯಿಗಳನ್ನು ಹಂಚಿನ ಮೇಲೆ ಹುರಿಯುತ್ತಿದ್ದರು. ಘಾಟು ಹಬ್ಬಿ ಸ್ಮೋಕ್ ಅಲಾರಂ ಕೂಗತೊಡಗಿತು. ಸೊಸೆ ಟವೆಲ್ ಬೀಸುತ್ತ ಕುರ್ಚಿ ಹತ್ತಿದಳು. ಅಬುವೇಲಾ ಅಲಾರಮ್ಮಿನ ಕಡೆ ತಲೆಯೆತ್ತಿಯೂ ನೋಡದೆ ಒಲೆಯ ಹತ್ತಿರ ಹೋಗಿ ಒಂದು ಕಾಯಿ ಎತ್ತಿ ಮುರಿದು, ಬೀಜ ಉದುರಿಸಿ, ಸಿಪ್ಪೆಯ ಒಳಮೈಯನ್ನು ಮೂಸಿ, ತಲೆಯಾಡಿಸಿದರಂತೆ. ಮರುದಿನ ತಮ್ಮ ಮನೆಯ ಗ್ವಾಹಿಯೊ ಪೊಟ್ಟಣ ಹಿಡಿದು ಬಂದರು.

ಅಂದು ಆಕೆ ಮಾಡಿತೋರಿಸಿದ ಕ್ರಮ ಮೆಕ್ಸಿಕೊದ ಮನೆಮನೆಯ ಕ್ರಮವೇ. ಕಾಯಿಯ ತೊಟ್ಟು ಮುರಿದು, ಬೀಜ ತೆಗೆದು, ಹಂಚಿನ ಮೇಲೆ ಒತ್ತಿ ಹಿಡಿಯಬೇಕು. ಒಂದೊಂದು ಮಗ್ಗುಲಿಗೆ ಕೆಲವೇ ಕ್ಷಣ. ಬಣ್ಣ ತುಸು ತಿಳಿಯಾಗಿ ವಾಸನೆ ಏಳುತ್ತಿದ್ದಂತೆ ತೆಗೆಯಬೇಕು. ಕಪ್ಪಾದರೆ ಕಹಿ, ಆ ಕಹಿಯನ್ನು ಸಕ್ಕರೆಯಾಗಲಿ ಟೊಮೇಟೊ ಆಗಲಿ ಮುಚ್ಚಲಾರದು. ಆಮೇಲೆ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಹಾಕಿ, ಹಂಚಿನ ಮೇಲೆಯೇ ಸುಟ್ಟ ಈರುಳ್ಳಿಯ ತುಂಡು, ಎರಡು ಎಸಳು ಬೆಳ್ಳುಳ್ಳಿ, ಒಂದು ಲವಂಗ, ಚಿಟಿಕೆ ಒರೆಗಾನೊ ಸೇರಿಸಿ ನುಣ್ಣಗೆ ರುಬ್ಬುವುದು. ಮೆಕ್ಸಿಕೊದ ಒರೆಗಾನೊ ಪಿಜ್ಜಾ ಮೇಲೆ ಉದುರಿಸುವ ಸೊಪ್ಪಲ್ಲ; ಅದು ಬೇರೆಯೇ ಕುಟುಂಬದ ಗಿಡ, ವಾಸನೆ ಇನ್ನೂ ಗಡುಸು. ರುಬ್ಬಿದ್ದನ್ನು ಜರಡಿಯಲ್ಲಿ ಒತ್ತಿ ಸೋಸಲೇಬೇಕು, ಏಕೆಂದರೆ ಗ್ವಾಹಿಯೊ ಸಿಪ್ಪೆ ಮಿಕ್ಸಿಗೂ ಬಗ್ಗದು, ಸೋಸದಿದ್ದರೆ ಹಲ್ಲಿಗೆ ಕಾಗದ ಸಿಕ್ಕಂತಾಗುತ್ತದೆ. ಹನ್ನೆರಡು ರೊಟ್ಟಿಗೆ ಎರಡು ಬಟ್ಟಲಿಗಿಂತ ಸ್ವಲ್ಪ ಹೆಚ್ಚು ರಸ ಸಾಕು.

ಮುಂದಿನ ಹಂತವನ್ನು ಅಮೆರಿಕದ ಪಾಕಪುಸ್ತಕಗಳು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ. ಸೋಸಿದ ರಸವನ್ನು ಕಾದ ಎಣ್ಣೆಗೆ ಸುರಿದು ಹುರಿಯಬೇಕು. ಮೊದಲು ಚೊಯ್ ಎಂದು ಸಿಡಿಯುತ್ತದೆ, ಅಂಗಿಗೆ ಬಿದ್ದರೆ ಕಲೆ ಹೋಗದು. ಏಳೆಂಟು ನಿಮಿಷ ಕೈಯಾಡಿಸುತ್ತಿದ್ದರೆ ಇಟ್ಟಿಗೆ ಬಣ್ಣ ಹೋಗಿ ಕಡುಗೆಂಪು ಬರುತ್ತದೆ, ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಮೆಣಸಿನಕಾಯಿಯ ಬಣ್ಣ ಕರಗುವುದು ಕೊಬ್ಬಿನಲ್ಲಿ, ನೀರಿನಲ್ಲಲ್ಲ. ಹುರಿಯದ ರಸ ಎಷ್ಟೇ ಕುದಿಸಿದರೂ ಹಸಿಯಾಗಿಯೇ ಉಳಿಯುವುದು ಅದಕ್ಕೆ. ಮಸಾಲೆ ಎಣ್ಣೆ ಬಿಡುವ ತನಕ ಸೌಟು ಕೆಳಗಿಡದವರಿಗೆ ಇದು ಹೊಸ ಪಾಠವಲ್ಲ.

ಆಮೇಲೆ ರೊಟ್ಟಿ. ಇಲ್ಲಿ ನಿನ್ನೆಯ ಟೋರ್ಟಿಯಾವೇ ಬೇಕು. ಬರೀ ಮಿತವ್ಯಯದ ಮಾತಲ್ಲ ಇದು. ಹಂಚಿನಿಂದ ಈಗಷ್ಟೇ ಇಳಿದದ್ದರಲ್ಲಿ ನೀರಿನಂಶ ಹೆಚ್ಚು. ರಸಕ್ಕೆ ಬಿದ್ದೊಡನೆ ಅಂಬಲಿಯಾಗುತ್ತದೆ. ಒಂದು ರಾತ್ರಿ ಇಟ್ಟದ್ದು ಒಣಗಿ, ಅದರ ಪಿಷ್ಟ ಬಿಗಿದುಕೊಂಡಿರುತ್ತದೆ. ಅದನ್ನು ಕಾದ ಎಣ್ಣೆಯಲ್ಲಿ ಐದಾರು ಕ್ಷಣ ಮುಳುಗಿಸಿ ತೆಗೆದರೆ ಬಟ್ಟೆಯಂತೆ ಮೆತ್ತಗಾಗುತ್ತದೆ, ಮೈಮೇಲೆ ತೆಳುವಾದ ಜಿಡ್ಡಿನ ಪೊರೆಯೂ ಕಟ್ಟುತ್ತದೆ. ಆ ಪೊರೆಯೇ ರಸ ಒಳನುಗ್ಗದಂತೆ ತಡೆಯುವುದು. ಹೆಚ್ಚು ಹೊತ್ತು ಬಿಟ್ಟರೆ ಹಪ್ಪಳ, ಸುತ್ತಲು ಹೋದರೆ ಪಟ್ಟನೆ ಮುರಿಯುತ್ತದೆ. ಕೆಲವರು ಮೊದಲು ಎಣ್ಣೆ, ಆಮೇಲೆ ರಸ ಎನ್ನುತ್ತಾರೆ. ಇನ್ನು ಕೆಲವರು ಮೊದಲು ರಸದಲ್ಲಿ ಅದ್ದಿ, ಆ ಕೆಂಪು ರೊಟ್ಟಿಯನ್ನೇ ಎಣ್ಣೆಗೆ ಬಿಡುತ್ತಾರೆ. ಎರಡನೆಯದರಲ್ಲಿ ಒಲೆ, ಗೋಡೆ, ಕೈ ಎಲ್ಲ ಕೆಂಪಾಗುತ್ತವೆ, ರುಚಿ ಮಾತ್ರ ಒಂದು ಕೈ ಮೇಲೆ. ಅಬುವೇಲಾ ಎರಡನೆಯ ಪಂಥದವರು. ಅದನ್ನು ನೋಡಿದ ಅತ್ತೆಯವರ ಉದ್ಗಾರವನ್ನು ಆ ಮನೆಯಲ್ಲಿ ಈಗಲೂ ನೆನೆಯುತ್ತಾರೆ: “ರೊಟ್ಟಿ ಖಾರದಾಗ ಅದ್ದಿ ಮತ್ತ ಎಣ್ಣ್ಯಾಗ ಬಿಡೋದಂದ್ರ ಏನವಾ ಇದು? ನಮ್ಮ ಕಡೆ ಹಿಂಗ ಮಾಡಿದ್ರ ಹುಚ್ಚೀ ಅಂತಾರ.” ತಟ್ಟೆಯಲ್ಲಿ ಎರಡು ಖಾಲಿಯಾದ ಮೇಲೆ ಅವರು ಮೂರನೆಯದಕ್ಕೆ ಕೈಚಾಚಿದ್ದನ್ನೂ ನೆನೆಯುತ್ತಾರೆ.

ಒಳಗೆ ತುಂಬುವುದು ಬಹಳವಿರಬಾರದು. ಕಾಲು ಬಟ್ಟಲು ಪುಡಿಮಾಡಿದ ಹಸಿ ಚೀಸು, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ಅಷ್ಟೇ. ಬೇಯಿಸಿದ ಕೋಳಿ ಉಳಿದಿದ್ದರೆ ಅದನ್ನು ಎಳೆಯೆಳೆಯಾಗಿ ಬಿಡಿಸಿ ಹಾಕುವುದುಂಟು. ಸುತ್ತಿ ಬಾಯಿ ಕೆಳಮಾಡಿ ತಟ್ಟೆಯಲ್ಲಿಟ್ಟು, ಮೇಲೆ ಇನ್ನಷ್ಟು ಚೀಸು, ಒಂದೆರಡು ಚಮಚ ಹುಳಿಗೆನೆ, ಹೆಚ್ಚಿದ ಎಲೆಕೋಸು ಅಥವಾ ಲೆಟ್ಯೂಸ್. ಹಾಗೆಯೇ ಬಿಸಿಬಿಸಿ ಬಡಿಸುತ್ತಾರೆ, ಓವನ್ನಿಗೆ ಹೋಗುವುದೇ ಇಲ್ಲ. ಮೆಕ್ಸಿಕೊದ ಹಸಿ ಚೀಸಾದ ಕೇಸೊ ಫ್ರೆಸ್ಕೊ ಕರಗುವಂಥದ್ದಲ್ಲ. ಪನೀರನ್ನು ಉಪ್ಪು ಹಾಕಿ ಕೈಯಲ್ಲಿ ಉದುರಿಸಿದರೆ ಅದಕ್ಕೆ ಸಮೀಪ.

ಊರಿಗೊಂದು ಬಗೆ. ಗ್ವಾನಾಹ್ವಾಟೊದ ಬೆಳ್ಳಿ ಗಣಿಗಳ ಊರಿನಲ್ಲಿ ಎಂಚಿಲಾಡದ ಮೇಲೆ ಅದೇ ಖಾರದಲ್ಲಿ ಹುರಿದ ಆಲೂಗಡ್ಡೆ, ಗಜ್ಜರಿ ಸುರಿಯುತ್ತಾರೆ. ಗಣಿಯವರ ಎಂಚಿಲಾಡ ಎಂದೇ ಅದರ ಹೆಸರು. ಸಾನ್ ಲೂಯಿಸ್ ಪೊಟೋಸಿಯಲ್ಲಿ ಖಾರ ರೊಟ್ಟಿಯ ಮೇಲಲ್ಲ, ಹಿಟ್ಟಿನೊಳಗೇ ಇರುತ್ತದೆ. ಕೆಂಪು ಹಿಟ್ಟನ್ನು ಒತ್ತಿ, ಚೀಸು ಇಟ್ಟು ಕರಿಗಡುಬಿನಂತೆ ಮಡಚಿ ಎಣ್ಣೆಯಲ್ಲಿ ಬೇಯಿಸುತ್ತಾರೆ. ಹಸಿರು ರಸಕ್ಕೆ ಬೇಕಾದ ತೊಮಟೀಯೊ ಹುಳಿ ಕಾಯಿ, ಒಣಗಿದ ಕಾಗದದಂಥ ಸಿಪ್ಪೆಯೊಳಗೆ ಕೂತಿರುತ್ತದೆ. ಅದರ ಮೇಲೆ ಕೆನೆ, ಚೀಸು ಧಾರಾಳ ಸುರಿದು ಮಾಡುವ ‘ಸ್ವಿಸ್’ ಎಂಚಿಲಾಡ ಮೆಕ್ಸಿಕೊ ನಗರದ ಸ್ಯಾನ್‌ಬಾರ್ನ್ಸ್ ಹೋಟೆಲಿನ ಹೆಸರಿನೊಂದಿಗೆ ಅಂಟಿಕೊಂಡಿದೆ; ಸ್ವಿಟ್ಜರ್ಲೆಂಡಿಗೂ ಅದಕ್ಕೂ ಹಾಲಿನ ನೆಂಟಸ್ತಿಕೆ ಬಿಟ್ಟರೆ ಮತ್ತೇನಿಲ್ಲ. ಖಾರದ ಬದಲು ಅರೆದ ಕಾಳಿನ ಗಟ್ಟಿ ಕಟ್ಟಿನಲ್ಲಿ ಅದ್ದಿದರೆ ಎನ್‌ಫ್ರಿಹೊಲಾದಾ, ಟೊಮೇಟೊ ರಸದಲ್ಲಿ ಅದ್ದಿದರೆ ಎನ್‌ಟೊಮಟಾದಾ, ಹತ್ತಾರು ಸಾಮಾನು ಹುರಿದು ಅರೆದ ಮೋಲೆಯಲ್ಲಿ ಅದ್ದಿದರೆ ಎನ್‌ಮೊಲಾದಾ. ಯಾವುದರಲ್ಲಿ ಮುಳುಗಿ ಎದ್ದಿತೋ ಅದರ ಹೆಸರು.

ಗಡಿ ದಾಟಿ ಉತ್ತರಕ್ಕೆ ಹೋದಾಗ ಎಂಚಿಲಾಡ ಬೇರೆಯೇ ಆಯಿತು. 1890ರ ದಶಕದಲ್ಲಿ ಟೆಕ್ಸಸ್‌ನ ನ್ಯೂ ಬ್ರಾನ್ಫೆಲ್ಸ್ ಊರಿನ ಜರ್ಮನ್ ವಲಸಿಗ ವಿಲಿಯಂ ಗೆಬ್‌ಹಾರ್ಟ್ ಒಣಮೆಣಸಿನಕಾಯಿಯನ್ನು ಯಂತ್ರದಲ್ಲಿ ಪುಡಿಮಾಡಿ, ಜೀರಿಗೆ ಮುಂತಾದವನ್ನು ಸೇರಿಸಿ ಬಾಟಲಿಯಲ್ಲಿ ಮಾರತೊಡಗಿದ. ಕಾಯಿ ಹುರಿದು, ನೆನೆಹಾಕಿ, ಸೋಸುವ ಕೆಲಸ ತಪ್ಪಿತು. ಟೆಕ್ಸಸ್‌ನ ‘ಗ್ರೇವಿ’ ಎಂದರೆ ಕೊಬ್ಬಿನಲ್ಲಿ ಮೈದಾ ಹುರಿದು, ಆ ಪುಡಿ ಹಾಕಿ, ಮಾಂಸದ ಕಟ್ಟು ಸುರಿದು ಕುದಿಸಿದ ಕಂದು ಸಾರು. ಅದರಲ್ಲಿ ಜೀರಿಗೆ ಮುಂದು, ಮೆಣಸಿನಕಾಯಿ ಹಿಂದು. ಸ್ಯಾನ್ ಆಂಟೋನಿಯೊದ ಚೌಕಗಳಲ್ಲಿ ಸಂಜೆಯ ಹೊತ್ತು ಲಾಟೀನು ಹಚ್ಚಿ ಬಡಿಸುತ್ತಿದ್ದ, ‘ಚಿಲಿ ರಾಣಿಯರು’ ಎಂದು ಹೆಸರಾದ ಹೆಂಗಸರು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1930ರ ದಶಕದವರೆಗೆ ಬಿಳಿಯರಿಗೆ ಈ ಊಟದ ರುಚಿ ಹತ್ತಿಸಿದರು. ನಗರಸಭೆಯ ಆರೋಗ್ಯ ನಿಯಮಗಳು ಕೊನೆಗೆ ಅವರನ್ನು ಅಲ್ಲಿಂದ ಎಬ್ಬಿಸಿದವು. ಆಮೇಲೆ ಟಿನ್ನಿನ ರಸ ಬಂತು, ಗೋಧಿ ಟೋರ್ಟಿಯಾ ಬಂತು, ಹಳದಿ ಚೆಡಾರ್ ಬಂತು. ಗಾಜಿನ ಟ್ರೇಯಲ್ಲಿ ಸಾಲಾಗಿ ಜೋಡಿಸಿ, ಮೇಲೆ ಟಿನ್ ಸುರಿದು, ಚೀಸು ಮುಚ್ಚಿ, ಇಪ್ಪತ್ತು ನಿಮಿಷ ಓವನ್ನಿನಲ್ಲಿಟ್ಟರೆ ಆರು ಜನರ ಊಟ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಉಳಿದ ಟರ್ಕಿ ಕೋಳಿ ಟೆಕ್ಸಸ್‌ನ ಎಷ್ಟೋ ಮನೆಗಳಲ್ಲಿ ಸೇರುವುದು ಈ ಟ್ರೇಯನ್ನೇ.

ಇದನ್ನು ಕೆಡಿಸಿದ ಅಡುಗೆ ಎನ್ನುವವರಿದ್ದಾರೆ. 1972ರಲ್ಲಿ ಮೆಕ್ಸಿಕೊದ ಊರೂರಿನ ಅಡುಗೆಯನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ ಡಯಾನಾ ಕೆನಡಿ ಟೆಕ್ಸಸ್‌ನ ಈ ಬಗೆಯನ್ನು ಮೆಕ್ಸಿಕೊದ್ದೆಂದು ಒಪ್ಪಲು ಸಿದ್ಧರಿರಲಿಲ್ಲ. ಒಪ್ಪಬೇಕಾಗಿಯೂ ಇಲ್ಲ; ಅದು ಟೆಕ್ಸಸ್‌ನದೇ ಅಡುಗೆ ಎಂದು ಲೆಕ್ಕ ಹಿಡಿದರೆ ಜಗಳವಿಲ್ಲ. ಚಳಿಯ ರಾತ್ರಿ ಓವನ್ನಿನಿಂದ ಗುಳುಗುಳು ಕುದಿಯುತ್ತ ಹೊರಬರುವ ಟ್ರೇಗೆ ತನ್ನದೇ ಹಿತವಿದೆ. ಟಿನ್ನಿನ ರಸಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ: ಅರ್ಧ ಗಂಟೆಯಲ್ಲಿ ಆಗುವ ಕೆಲಸ ಉಳಿಸಿ ಇಡೀ ರುಚಿಯನ್ನು ಕಳೆದುಕೊಂಡಂತೆ.

ಹ್ಯೂಸ್ಟನ್ನಿನ ಆ ಮನೆಯಂಥ ಸಸ್ಯಾಹಾರಿ ಕನ್ನಡ ಮನೆಗಳಿಗೆ ಮೆಕ್ಸಿಕೊದ ಊಟ ಮೊದಲ ನೋಟದಲ್ಲೇ ನೆಂಟರ ಮನೆಯಂತೆ ಕಂಡಿತು. ರೊಟ್ಟಿ, ಅನ್ನ, ಕಾಳು, ಕೊತ್ತಂಬರಿ, ನಿಂಬೆ, ಖಾರ. ಪರದೇಶದಲ್ಲಿ ಇನ್ನೇನು ಬೇಕು? ಶನಿವಾರ ಸಂಜೆ ಹತ್ತಿರದ ಒಂದು ಹೋಟೆಲಿಗೆ ಹೋಗಿ ಕಾಳಿನ ಎಂಚಿಲಾಡ ತಿನ್ನುವುದು ರೂಢಿಯಾಯಿತು. ಮಾಂಸವಿದೆಯೇ ಎಂದು ಮೊದಲ ದಿನವೇ ಕೇಳಿದ್ದರು, ಇಲ್ಲ ಎಂಬ ಉತ್ತರ ಬಂದಿತ್ತು. ಆರು ತಿಂಗಳ ಮೇಲೆ ಅಬುವೇಲಾ ತಮ್ಮ ಮನೆಯಲ್ಲಿ ಕಾಳು ಅರೆದು ಹುರಿಯುವಾಗ ಡಬ್ಬಿಯಿಂದ ಬಿಳಿಯ ಗಡ್ಡೆಯನ್ನು ಚಮಚದಲ್ಲಿ ತೆಗೆದದ್ದನ್ನು ಸೊಸೆ ನೋಡಿ, ವನಸ್ಪತಿಯೇ ಎಂದು ಕೇಳಿದಳು. ಆಕೆ ಹಂದಿಯಂತೆ ಗುಟುರು ಹಾಕಿ ತೋರಿಸಿದರು. ಮಾಂಸವಿಲ್ಲ ಎಂದ ಹೋಟೆಲಿನವನು ಸುಳ್ಳು ಹೇಳಿರಲಿಲ್ಲ, ಕೊಬ್ಬು ಅವನ ಲೆಕ್ಕದಲ್ಲಿ ಮಾಂಸವೇ ಅಲ್ಲ. ಅನ್ನವನ್ನು ಕೋಳಿಯ ಕಟ್ಟಿನಲ್ಲಿ ಬೇಯಿಸುತ್ತಾರೆಂಬುದೂ ಅಂದೇ ತಿಳಿಯಿತು. ಅತ್ತೆಯವರು ಆಗ ಊರಿಗೆ ಮರಳಿದ್ದರು. ಈ ಸಂಗತಿಯನ್ನು ಅವರಿಗೆ ಇಂದಿಗೂ ಯಾರೂ ಹೇಳಿಲ್ಲ. ಆ ವಾರದಿಂದ ಎಂಚಿಲಾಡ ಮನೆಯ ಅಡುಗೆಯಾಯಿತು.

ಮನೆಯಲ್ಲಿ ಮಾಡತೊಡಗಿದ ಮೇಲೆ ಪ್ರಯೋಗಗಳು ಬಂದವು. ಚಪಾತಿಯನ್ನು ಅದ್ದಿದರೆ ಗೋಧಿಯ ಅಂಟಿನಿಂದಾಗಿ ಅದು ತುಟಿಗೆ ಹತ್ತುವಂತೆ ಲೊಳಲೊಳ ಆಗುತ್ತದೆ. ಕೆಲವು ವರ್ಷಗಳ ನಂತರ ಅತ್ತೆಯವರು ಮತ್ತೆ ಬಂದಾಗ ಜೋಳದ ಹಿಟ್ಟು ತಂದು ರೊಟ್ಟಿ ಬಡಿದರು. ಮರುದಿನ ಉಳಿದ ರೊಟ್ಟಿಯನ್ನು ಖಾರದಲ್ಲಿ ಅದ್ದಿ ಸುತ್ತಲು ಹೋದರೆ ನಡುವೆಯೇ ಮುರಿಯಿತು. ಎರಡನೆಯದೂ ಮುರಿಯಿತು. “ಸುತ್ತೋದ್ಯಾಕ? ಒಂದರ ಮ್ಯಾಲ ಒಂದು ಒಟ್ಟು, ನಡುವ ಉಳ್ಳಾಗಡ್ಡಿ ಉದುರ್ಸು” ಎಂದರು ಅವರು. ಹಾಗೆ ಅವರು ತಮಗರಿಯದೆಯೇ ನ್ಯೂ ಮೆಕ್ಸಿಕೊಕ್ಕೆ ಹೋಗಿ ನಿಂತಿದ್ದರು. ಆ ರಾಜ್ಯದ ಹಳೆಯ ಪದ್ಧತಿಯಲ್ಲಿ ಎಂಚಿಲಾಡವನ್ನು ಸುತ್ತುವುದೇ ಇಲ್ಲ. ನೀಲಿ ಮೆಕ್ಕೆಜೋಳದ ಚಪ್ಪಟೆ ರೊಟ್ಟಿಗಳನ್ನು ಖಾರದಲ್ಲಿ ಅದ್ದಿ, ಚೀಸು, ಈರುಳ್ಳಿ ಹರಡಿ, ಮೂರು ಪದರ ಒಟ್ಟಿ, ಮೇಲೆ ಎಣ್ಣೆಯಲ್ಲಿ ಹುರಿದ ಮೊಟ್ಟೆಯನ್ನು ಕೂರಿಸುತ್ತಾರೆ. ಅಲ್ಲಿನ ಹೋಟೆಲುಗಳಲ್ಲಿ ಮೊದಲು ಕೇಳುವ ಪ್ರಶ್ನೆ ‘ಕೆಂಪೋ, ಹಸಿರೋ?’ ಎಂದು. 1990ರ ದಶಕದಲ್ಲಿ ಶಾಸಕಾಂಗ ಅದನ್ನೇ ರಾಜ್ಯದ ಅಧಿಕೃತ ಪ್ರಶ್ನೆಯೆಂದು ಸಾರಿತು. ಎರಡೂ ಬೇಕಾದವರು ‘ಕ್ರಿಸ್‌ಮಸ್’ ಎಂದರೆ ಸಾಕು.

ಭಾರತದ ರೊಟ್ಟಿಗೂ ಮೆಕ್ಸಿಕೊದ ಖಾರಕ್ಕೂ ಕೂಡುವಳಿ ಇದಕ್ಕಿಂತ ಬಹಳ ಹಳೆಯದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕ್ಯಾಲಿಫೋರ್ನಿಯದ ಹೊಲಗಳಿಗೆ ದುಡಿಯಲು ಹೋದ ಪಂಜಾಬಿ ಗಂಡಸರಿಗೆ 1917ರ ವಲಸೆ ಕಾನೂನಿನಿಂದಾಗಿ ಊರಿನಿಂದ ಹೆಂಡಿರನ್ನು ಕರೆಸಿಕೊಳ್ಳುವ ದಾರಿ ಮುಚ್ಚಿತು. ಬಿಳಿಯರನ್ನು ಮದುವೆಯಾಗಲು ಅಲ್ಲಿನ ಕಾನೂನು ಬಿಡುತ್ತಿರಲಿಲ್ಲ. ನೂರಾರು ಜನ ಮೆಕ್ಸಿಕೊದ ಹೆಂಗಸರನ್ನು ಮದುವೆಯಾದರು; ಮಾನವಶಾಸ್ತ್ರಜ್ಞೆ ಕರೆನ್ ಲಿಯೊನಾರ್ಡ್ ಆ ಸಂಸಾರಗಳ ಚರಿತ್ರೆಯನ್ನು ಬರೆದಿದ್ದಾರೆ. ಒಂದೇ ಒಲೆಯ ಮೇಲೆ ರೊಟ್ಟಿ, ಟೋರ್ಟಿಯಾ, ಕೋಳಿಯ ಸಾರು, ಎಂಚಿಲಾಡ ಬೇಯುತ್ತಿದ್ದವು. ಯೂಬಾ ಸಿಟಿಯಲ್ಲಿ ಅಂಥದೊಂದು ಕುಟುಂಬ 1954ರಿಂದ ನಾಲ್ಕು ದಶಕಗಳ ಕಾಲ ನಡೆಸಿದ ‘ಎಲ್ ರಾಂಚೇರೊ’ ಹೋಟೆಲಿನಲ್ಲಿ ‘ರೋಟಿ ಕೆಸಡೀಯಾ’ ಪ್ರಸಿದ್ಧವಾಗಿತ್ತು.

ಎಂಚಿಲಾಡದ ಜೊತೆಗೆ ಮೆಕ್ಸಿಕೊದ ಅಡುಗೆಮನೆಯಿಂದ ಬರುವ ಬೇರೆ ಹೊಟ್ಟೆತುಂಬ ಊಟಗಳೂ ಇವೆ. ಮೊದಲನೆಯದು ಮಡಕೆಯ ಕಾಳು, ಫ್ರಿಹೋಲೆಸ್ ದೆ ಓಯಾ. ಕಪ್ಪು ಅಥವಾ ಕಂದು ಕಾಳನ್ನು ಈರುಳ್ಳಿ, ಎಪಸೋಟೆ ಎಂಬ ಘಾಟಿನ ಸೊಪ್ಪಿನ ಜೊತೆ ಮಡಕೆಯಲ್ಲಿ ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಬೇಯಿಸುವುದು, ಅಷ್ಟೇ. ಮೊದಲ ದಿನ ಕಟ್ಟಿನ ಸಮೇತ ಬಟ್ಟಲಿನಲ್ಲಿ, ಎರಡನೆಯ ದಿನ ಅರೆದು ಹುರಿದು, ಮೂರನೆಯ ದಿನ ರೊಟ್ಟಿಗೆ ಹಚ್ಚಿ. ಎರಡನೆಯದು ಸೋಪಾ ದೆ ಫಿದೇಯೊ: ಶಾವಿಗೆಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಟೊಮೇಟೊ ರಸದಲ್ಲಿ ತೆಳ್ಳಗೆ ಬೇಯಿಸಿದ್ದು. ಮೆಕ್ಸಿಕೊದಲ್ಲಿ ಜ್ವರದ ಮಗುವಿಗೂ ಶಾಲೆಯಿಂದ ಬಂದ ಮಗುವಿಗೂ ಕೊಡುವುದು ಇದನ್ನೇ. ನೀರು ಜಾಸ್ತಿಯಾದ ಶಾವಿಗೆ ಉಪ್ಪಿಟ್ಟು ಎಂದರೆ ಅನ್ಯಾಯವಾಗದು. ಮೂರನೆಯದು ಪೊಸೋಲೆ, ಸುಣ್ಣದಲ್ಲಿ ಸಿಪ್ಪೆ ಬಿಟ್ಟ ಇಡೀ ಮೆಕ್ಕೆಜೋಳದ ಕಾಳನ್ನು ಮಾಂಸದ ಜೊತೆ ಗಂಟೆಗಟ್ಟಲೆ ಬೇಯಿಸಿ ಹೂವಿನಂತೆ ಅರಳಿಸಿದ ಸಾರು. ಹಾಲಿಸ್ಕೊದಲ್ಲಿ ಕೆಂಪು, ಗೆರೆರೊದಲ್ಲಿ ಹಸಿರು. ಗೆರೆರೊದಲ್ಲಿ ಗುರುವಾರವೆಂದರೆ ಪೊಸೋಲೆಯ ದಿನ. 2010ರಲ್ಲಿ ಯುನೆಸ್ಕೊ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದು ಎತ್ತಿ ಹೇಳಿದ್ದು ಸುಣ್ಣ, ಕಲ್ಲು, ಮಡಕೆಗಳ ಇದೇ ದುಡಿಮೆಯನ್ನು, ಹೋಟೆಲಿನ ತಟ್ಟೆಯನ್ನಲ್ಲ.

ಇನ್ನು ಉಳಿದ ಎಂಚಿಲಾಡ. ಅದನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ರೊಟ್ಟಿ ರಬ್ಬರಾಗುತ್ತದೆ. ಮೆಕ್ಸಿಕೊದಲ್ಲಿ ಒಣಗಿದ ರೊಟ್ಟಿಯ ಚೂರುಗಳನ್ನು ಕರಿದು ರಸದಲ್ಲಿ ಹೊರಳಿಸಿ ಬೆಳಗಿನ ತಿಂಡಿಗೆ ಚಿಲಾಕಿಲೆಸ್ ಮಾಡುತ್ತಾರಲ್ಲ, ಅದೇ ಜಾಡಿನಲ್ಲಿ ರಾತ್ರಿಯ ಎಂಚಿಲಾಡವನ್ನೂ ಹೆಚ್ಚಿ ಬಾಣಲೆಗೆ ಹಾಕಿ, ಅಡಿ ತುಸು ಸೀಯುವ ತನಕ ಬಿಡುವುದು ಒಳ್ಳೆಯ ದಾರಿ. ಹ್ಯೂಸ್ಟನ್ನಿನ ಆ ಮನೆಯಲ್ಲಿ ಮಕ್ಕಳು ಕಾದು ಕೂರುತ್ತಿದ್ದದ್ದು ಈ ಸೀದ ತಳಕ್ಕೇ. ಅತ್ತೆಯವರು ಸೌಟಿನಿಂದ ಅದನ್ನು ಕೆರೆದು ಸಮಪಾಲು ಹಂಚಿ, ಬಾಣಲೆಯಲ್ಲಿ ಅಂಟಿ ಉಳಿದ ಕೆಂಪಿಗೆ ಒಂದು ಹಿಡಿ ಅನ್ನ ಹಾಕಿ ಒರೆಸಿಕೊಂಡು ತಾವು ಉಣ್ಣುತ್ತಿದ್ದರು.